ಹೇಂಟೆಯ ದನಿಗೆ ಹುಂಜ ಬಂದೀತೇ?

ಏಪ್ರಿಲ್ ತಿಂಗಳ ನಸುಕು. ಅಮೆರಿಕದ ಮಿಸ್ಸೌರಿ ರಾಜ್ಯದ ಓಕ್ ಮರಗಳ ಕಾಡಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ದಪ್ಪ ಮರವೊಂದಕ್ಕೆ ಬೆನ್ನುಕೊಟ್ಟು ಬೇಟೆಗಾರನೊಬ್ಬ ಮಿಸುಕದೆ ಕುಳಿತಿದ್ದಾನೆ. ಮೈಮೇಲೆ ಎಲೆಬಣ್ಣದ ಉಡುಪು, ಮುಖಕ್ಕೆ ಮುಸುಕು, ಮೊಣಕಾಲ ಮೇಲೆ ಬಂದೂಕು. ಎಲ್ಲೋ ಗೂಬೆಯೊಂದು ಕೂಗುತ್ತದೆ. ಮರುಕ್ಷಣವೇ ಮರದ ಮೇಲಿನಿಂದ ಉತ್ತರ: 'ಗಬಳ ಗಬಳ ಗಬಳ!' ಗೂಬೆ, ಕಾಗೆ, ಗುಡುಗು ಯಾವುದರ ಸದ್ದಿಗಾದರೂ ತಡೆಯಲಾರದೆ ಕೂಗಿಬಿಡುವುದು ವಸಂತಕಾಲದಲ್ಲಿ ಟರ್ಕಿ ಹುಂಜದ ಸ್ವಭಾವ. ಅದಿರುವ ಮರ ಬೇಟೆಗಾರನಿಗೆ ಗೊತ್ತಾಯಿತು. ನಿಜವಾದ ಕೆಲಸ ಇನ್ನು ಶುರು.

ಸಾಕು ಟರ್ಕಿ ಕೋಳಿಯ ಕಾಡು ಮೂಲ ಈ ಹಕ್ಕಿ. ನಮ್ಮ ನವಿಲಿನ ದೂರದ ಬಂಧು. ಬಲಿತ ಹುಂಜ 7ರಿಂದ 11 ಕಿಲೋ ತೂಗುತ್ತದೆ. ಹೇಂಟೆ ಅದರ ಅರ್ಧದಷ್ಟು. ಬೆದೆಗಾಲ ಬಂತೆಂದರೆ ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ತಾಗಿಸಿ ಮೆರೆಯುತ್ತದೆ. ಅದರ ಬೋಳು ತಲೆ ಕೆಂಪು, ಬಿಳಿ, ನೀಲಿಯಾಗಿ ಬಣ್ಣ ಬದಲಿಸುತ್ತದೆ.

ಪ್ರಕೃತಿಗೆ ವಿರುದ್ಧ

ಈ ಬೇಟೆಯ ಕಷ್ಟವೇನೆಂದರೆ, ಪ್ರಕೃತಿಯ ಕ್ರಮದಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿಗೆ ಹೋಗುತ್ತದೆ. ಬೇಟೆಗಾರ ಹೇಂಟೆಯ ದನಿಯಲ್ಲಿ ಕರೆದು ಹುಂಜವನ್ನೇ ತನ್ನ ಬಳಿಗೆ ಬರಿಸಿಕೊಳ್ಳಬೇಕು. ಹೆಚ್ಚು ಕರೆದರೆ ಹುಂಜ ನಿಂತಲ್ಲೇ ನಿಂತು 'ನೀನೇ ಬಾ' ಎಂಬಂತೆ ಕೂಗುತ್ತಲೇ ಇರುತ್ತದೆ. ಅನುಭವಿಗಳು ಒಂದೆರಡು ಬಾರಿ ಕರೆದು ಸುಮ್ಮನಾಗುತ್ತಾರೆ. ಕೆಲವೊಮ್ಮೆ ಗಂಟೆಗಟ್ಟಲೆ!

ಕರೆಯಲು ಬಗೆಬಗೆಯ ಸಾಧನಗಳಿವೆ. ಒಂದು, ಮರದ ಪುಟ್ಟ ಪೆಟ್ಟಿಗೆ. ಸೀಮೆಸುಣ್ಣ ಬಳಿದ ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿದರೆ ಹೇಂಟೆಯ 'ಕ್ಯಾವ್ ಕ್ಯಾವ್' ಹೊರಡುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಕ್ಷಣ ಅಂಟಿ ಕ್ಷಣ ಜಾರಿ ನಾದ ಹೊರಡಿಸುತ್ತದಲ್ಲವೇ? ಇಲ್ಲಿಯೂ ಅದೇ ಘರ್ಷಣೆಯ ಆಟ. ಇನ್ನೊಂದು, ಸ್ಲೇಟಿನ ಕಲ್ಲಿನ ಬಿಲ್ಲೆ. ಅದರ ಮೇಲೆ ಮರದ ಕಡ್ಡಿ ಎಳೆಯಬೇಕು. ಮೂರನೆಯದು ಅಂಗುಳಕ್ಕೆ ಒತ್ತಿಕೊಳ್ಳುವ ತೆಳು ರಬ್ಬರ್ ಪೊರೆ. ಉಸಿರಿನಿಂದ ಅದು ಕಂಪಿಸುತ್ತದೆ, ಕೈಗಳು ಬಿಡುವಾಗಿರುತ್ತವೆ. ಟರ್ಕಿಯ ರೆಕ್ಕೆಯ ಎಲುಬುಗಳನ್ನೇ ಜೋಡಿಸಿ ಮಾಡಿದ ಕೊಳವೆ ಇವೆಲ್ಲಕ್ಕಿಂತ ಹಳೆಯದು.

ದನಿ ಎಷ್ಟು ಚೆನ್ನಾಗಿದ್ದರೂ ಕೈ ಅಲ್ಲಾಡಿದರೆ ಕೆಟ್ಟಿತು. ಟರ್ಕಿಯ ಕಣ್ಣು ಅಷ್ಟು ಚುರುಕು. ಹಕ್ಕಿ ಸುಮಾರು 35 ಮೀಟರಿನೊಳಗೆ ಬರುವವರೆಗೆ ಗುಂಡು ಹಾರಿಸುವಂತಿಲ್ಲ. ಕೆಂಪು, ಬಿಳಿ, ನೀಲಿ ಬಟ್ಟೆ ತೊಡುವಂತೆಯೂ ಇಲ್ಲ. ಇನ್ನೊಬ್ಬ ಬೇಟೆಗಾರ ಅದನ್ನೇ ಹುಂಜದ ತಲೆಯೆಂದು ಭ್ರಮಿಸಬಹುದು! ಹೇಂಟೆಯ ದನಿ ಕೇಳಿತೆಂದು ಅದರ ಬೆನ್ನುಹತ್ತಿ ಹೋಗುವುದೂ ಅಪಾಯವೇ. ಕೂಗುತ್ತಿರುವುದು ಮನುಷ್ಯನೇ ಆಗಿರಬಹುದು.

ಅಳಿವಿನಿಂದ ಉಳಿವಿಗೆ

ಈ ಹಕ್ಕಿ ಇಂದು ಉಳಿದಿರುವುದೇ ದೊಡ್ಡ ಕಥೆ. ಕಾಡು ಕಡಿದದ್ದರಿಂದಲೂ ಮಾರಾಟಕ್ಕಾಗಿ ಲೆಕ್ಕವಿಲ್ಲದೆ ಕೊಂದದ್ದರಿಂದಲೂ 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಹೆಚ್ಚೆಂದರೆ 2 ಲಕ್ಷ ಎಂದು ಅಂದಾಜು. 1937ರ ಕಾನೂನೊಂದು ಬೇಟೆ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. ಸಾಕಿ ಬೆಳೆಸಿದ ಮರಿಗಳನ್ನು ಮೊದಲು ಕಾಡಿಗೆ ಬಿಟ್ಟು ನೋಡಿದರು. ತಾಯಿಯಿಂದ ಪಾಠ ಕಲಿಯದ ಅವು ಬದುಕಲಿಲ್ಲ. 1950ರ ದಶಕದಲ್ಲಿ ಸಿಡಿಮದ್ದಿನಿಂದ ಹಾರುವ ಬಲೆ ಬೀಸಿ ಕಾಡುಹಕ್ಕಿಗಳನ್ನೇ ಹಿಡಿದು ಹೊಸ ನೆಲೆಗಳಿಗೆ ಒಯ್ದರು. ಈ ಉಪಾಯ ಫಲಿಸಿತು. 21ನೇ ಶತಮಾನದ ಆರಂಭಕ್ಕೆ ಸಂಖ್ಯೆ 60 ಲಕ್ಷ ದಾಟಿತ್ತು.

ಸಂತಾನದ ಕಾಲದಲ್ಲೇ ಬೇಟೆಯೇ ಎಂದು ಯಾರಾದರೂ ಕೇಳಬಹುದು. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ. ಮರಿ ಸಾಕುವುದರಲ್ಲಿ ಅದರ ಪಾಲಿಲ್ಲ. ಹೇಂಟೆ ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು 28 ದಿನ ಕಾವು ಕೂರುತ್ತದೆ. ಆ ಹೊತ್ತಿಗೆ ಹುಂಜವೊಂದು ಹೋದರೂ ಪೀಳಿಗೆಗೆ ಹೆಚ್ಚು ನಷ್ಟವಿಲ್ಲ ಎಂಬುದು ಹಳೆಯ ಲೆಕ್ಕ. ಆದರೆ ಈಚಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಮರಿಗಳು ಕಡಿಮೆಯಾಗಿವೆ. ಕಾರಣಗಳು ಹಲವು. ಹೇಂಟೆಗಳು ಕೂಡುವ ಮೊದಲೇ ಪ್ರಬಲ ಹುಂಜಗಳನ್ನು ಕೊಲ್ಲುವುದೂ ಒಂದಿರಬಹುದೆಂಬ ಅನುಮಾನ ಕೆಲವು ತಜ್ಞರದು. ಸಾಬೀತಾಗುವವರೆಗೆ ಕಾಯದೆ ಟೆನ್ನೆಸ್ಸೀ ರಾಜ್ಯ 2023ರಲ್ಲಿ ಬೇಟೆಯ ಆರಂಭವನ್ನೇ ಎರಡು ವಾರ ಮುಂದಕ್ಕೆ ಹಾಕಿತು.

ಎಷ್ಟೋ ಬೆಳಗಿನಲ್ಲಿ ಬೇಟೆಗಾರ ಕರೆಯುತ್ತಿರುವಾಗಲೇ ನಿಜವಾದ ಹೇಂಟೆಯೊಂದು ಪೊದೆಯಿಂದ ಹೊರಬಂದು ಹುಂಜವನ್ನು ಬೇರೆ ದಿಕ್ಕಿಗೆ ಕರೆದೊಯ್ಯುತ್ತದೆ. ಅಂದು ಅವನದು ಬರಿಗೈ. ಆದರೆ ಎರಡು ವರ್ಷ ಕಳೆದು ಅದೇ ಕಾಡಿನಲ್ಲಿ ಗೂಬೆಯ ದನಿಗೆ ಓಗೊಡುವ ಹೊಸ ಹುಂಜ ಹುಟ್ಟಬೇಕಾದದ್ದು ಆ ಹೇಂಟೆಯ ಮೊಟ್ಟೆಯಿಂದಲೇ.