ತಪ್ಪು ತಳದ್ದೋ, ದೋಣಿಯದ್ದೋ?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಗೆ ಹೊಸೂರಿನ ಬಳಿ ಕೆಲವರಪಳ್ಳಿಯಲ್ಲಿ ಒಂದು, ಕೃಷ್ಣಗಿರಿಯ ಬಳಿ ಇನ್ನೊಂದು ಅಣೆಕಟ್ಟು ಕಟ್ಟಿದ್ದಾರೆ. ಕೃಷ್ಣಗಿರಿ ಅಣೆಕಟ್ಟಿನ ಪೂರ್ಣಮಟ್ಟ 52 ಅಡಿ. ಮಳೆಗಾಲದಲ್ಲಿ ನೀರು ಆ ಮಟ್ಟ ಮುಟ್ಟಿತೆಂದರೆ ಕೆಳಗಿನ ಬಯಲಿನ ರೈತರಿಗೆ ನೆಮ್ಮದಿ. ಆದರೆ ಇದು ನೀರಿನ ಮೇಲ್ಮಟ್ಟದ ಲೆಕ್ಕವೇ ಹೊರತು ಒಳಗಿರುವ ನೀರಿನ ಲೆಕ್ಕವಲ್ಲ. ಹೊಳೆ ವರ್ಷವರ್ಷವೂ ಹೊತ್ತು ತರುವ ಹೂಳು ತಳದಲ್ಲಿ ಕೂರುತ್ತದೆ. ಕೊಡದ ಅಡಿಯಲ್ಲಿ ಮರಳು ತುಂಬಿದ್ದರೆ ಬಾಯಿವರೆಗೆ ನೀರು ಕಂಡರೂ ದಕ್ಕುವುದು ಕಡಿಮೆಯೇ.

ಹೀಗಾಗಿ ಜಲಾಶಯಗಳ ತಳವನ್ನು ಆಗಾಗ ಅಳೆಯಬೇಕಾಗುತ್ತದೆ. ತಮಿಳುನಾಡಿನಲ್ಲಿ ಪೂಂಡಿಯ ಜಲಸಂಶೋಧನಾ ಸಂಸ್ಥೆ ಹೂಳಿನ ಅಧ್ಯಯನ ನಡೆಸುತ್ತದೆ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ನೋಡುತ್ತಿದ್ದರು. ಈಗ ಸಮುದ್ರತಳದ ನಕ್ಷೆ ತೆಗೆಯುವ ಸೋನಾರ್ ಯಂತ್ರವೇ ಜಲಾಶಯಕ್ಕೂ ಇಳಿದಿದೆ. ನಮ್ಮ ಕರಾವಳಿಯ ದೋಣಿಗಳಲ್ಲಿರುವ, ಮೀನು ಹುಡುಕುವ ಯಂತ್ರ ಇದರ ತಮ್ಮನೇ ಸರಿ. ದೋಣಿಯ ಅಡಿಯಿಂದ ಶಬ್ದ ಹೊರಡುತ್ತದೆ, ತಳಕ್ಕೆ ಬಡಿದು ಮರಳುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ಆಳ ಸಿಗುತ್ತದೆ. ದೊಡ್ಡ ಯಂತ್ರಗಳು ನೂರಾರು ಶಬ್ದಕಿರಣಗಳನ್ನು ಬೀಸಣಿಗೆಯಂತೆ ಎಡಕ್ಕೂ ಬಲಕ್ಕೂ ಹರಡಿ ಅಗಲವಾದ ಪಟ್ಟಿಯನ್ನೇ ಒಮ್ಮೆಗೆ ಅಳೆಯುತ್ತವೆ.

ಕೇಳಲು ಸುಲಭ. ಆದರೆ ಅಳೆಯುವ ದೋಣಿ ನಿಂತ ನೆಲವಲ್ಲ. ಅದು ಪಕ್ಕಕ್ಕೆ ಓಲಾಡುತ್ತದೆ, ಮೂತಿ ಎತ್ತಿ ಇಳಿಸುತ್ತದೆ, ಇಡಿಯಾಗಿ ಏರಿಳಿಯುತ್ತದೆ. ಈ ಚಲನೆಗಳನ್ನು ಗ್ರಹಿಸಿ ಲೆಕ್ಕದಿಂದ ಕಳೆಯಲು ದೋಣಿಯಲ್ಲಿ ಇನ್ನೊಂದು ಉಪಕರಣವಿರುತ್ತದೆ. ಅದರ ಜೋಡಣೆ ಕೂದಲೆಳೆಯಷ್ಟು ಓರೆಯಾದರೂ ಇಲ್ಲದ ಗುಡ್ಡ, ಇಲ್ಲದ ಕಣಿವೆ ನಕ್ಷೆಯಲ್ಲಿ ಮೂಡುತ್ತವೆ. 15 ಮೀಟರ್ ಆಳದಲ್ಲಿ ಕಿರಣಗಳು 60 ಡಿಗ್ರಿಯವರೆಗೆ ಹರಡಿದ್ದರೆ, ಒಂದೇ ಒಂದು ಡಿಗ್ರಿ ಓರೆಗೆ ಪಟ್ಟಿಯ ಅಂಚಿನಲ್ಲಿ ಸುಮಾರು 45 ಸೆಂಟಿಮೀಟರ್ ತಪ್ಪು ಬರುತ್ತದೆ.

ತಪ್ಪು ಎಲ್ಲಿಯದೆಂದು ಪತ್ತೆಹಚ್ಚುವುದು ಹೇಗೆ? ರೋಗಿಯ ಮುಖ ನೋಡಿ ವೈದ್ಯರು ಕಾಯಿಲೆ ಊಹಿಸುವಂತೆ ಚಿತ್ರದ ಆಕಾರವನ್ನೇ ಮೊದಲು ನೋಡಬೇಕು. ಪಟ್ಟಿಯ ನಡುವೂ ಅಂಚೂ ಒಟ್ಟಾಗಿ ಅಲೆಯಲೆಯಾಗಿ ಏರಿಳಿದರೆ ಅದು ದೋಣಿಯ ಏರಿಳಿತದ ದೋಷ. ನಡು ಸ್ಥಿರವಾಗಿದ್ದು ಒಂದು ಅಂಚು ಏರಿದಾಗ ಇನ್ನೊಂದು ಇಳಿದರೆ ಅದು ಓಲಾಟದ್ದು. ಎರಡೂ ಅಂಚುಗಳು ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಬಾಗಿ, ನಗುವ ಅಥವಾ ಮುನಿದ ತುಟಿಯಂತೆ ಕಂಡರೆ ನೀರಿನಲ್ಲಿ ಶಬ್ದದ ವೇಗವನ್ನು ಸರಿಯಾಗಿ ಹಿಡಿದಿಲ್ಲವೆಂದು ಅರ್ಥ.

ಶಬ್ದದ ವೇಗ ನೀರಿನ ಬಿಸಿಯೊಂದಿಗೆ ಬದಲಾಗುತ್ತದೆ. ಸಿಹಿನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 1482 ಮೀಟರ್, 30 ಡಿಗ್ರಿಗೆ 1509. ಯಂತ್ರಕ್ಕೆ 1500 ಎಂದು ಹೇಳಿ, ನಿಜವಾದ ವೇಗ 1482 ಇದ್ದರೆ 15 ಮೀಟರಿಗೆ 18 ಸೆಂಟಿಮೀಟರ್ ಆಳ ಹೆಚ್ಚು ತೋರುತ್ತದೆ. ಬಿಸಿಲಿಗೆ ಮೇಲಿನ ನೀರು ಕಾದು ಕೆಳಗಿನದು ತಣ್ಣಗಿದ್ದರೆ ಓರೆಯಾಗಿ ಹೋಗುವ ಕಿರಣಗಳು ದಾರಿಯಲ್ಲೇ ಬಾಗುತ್ತವೆ. ಆದ್ದರಿಂದ ಮೇಲಿನಿಂದ ತಳದವರೆಗೆ ಶಬ್ದವೇಗವನ್ನು ಅಳೆದೇ ಕೆಲಸಕ್ಕಿಳಿಯಬೇಕು. ಹಳೆಯದಾದರೂ ಗಟ್ಟಿ ಪರೀಕ್ಷೆಯೆಂದರೆ, ಗುರುತು ಹಾಕಿದ ಸರಪಳಿಯಲ್ಲಿ ಲೋಹದ ತಟ್ಟೆಯನ್ನು ಯಂತ್ರದ ಅಡಿಗೆ ಇಳಿಸುವುದು. ಸರಪಳಿ 5 ಮೀಟರ್ ಎಂದಾಗ ಯಂತ್ರವೂ 5 ಎನ್ನಬೇಕು.

ಓರೆ ಜೋಡಣೆಗೂ ಪರೀಕ್ಷೆಯುಂಟು. ಸಮತಟ್ಟಾದ ತಳದ ಮೇಲೆ ಒಂದೇ ಗೆರೆಯಲ್ಲಿ ಹೋಗಿ ಬರಬೇಕು. ತಳವೇ ಓರೆಯಾಗಿದ್ದರೆ ಎರಡು ಸಲವೂ ಅದೇ ದಿಕ್ಕಿಗೆ ಇಳಿಜಾರು ಕಾಣುತ್ತದೆ. ಜೋಡಣೆ ಓರೆಯಾಗಿದ್ದರೆ ದೋಣಿ ತಿರುಗಿದಂತೆ ಇಳಿಜಾರೂ ತಿರುಗಿ, ಎರಡು ಚಿತ್ರಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಮೂತಿಯ ಕಡೆಗೆ ವಾಲಿದ್ದರೆ ತಳದ ಬಂಡೆ ಹೋಗುವಾಗ ಒಂದೆಡೆ, ಬರುವಾಗ ಇನ್ನೊಂದೆಡೆ ಕಾಣುತ್ತದೆ. ಒಂದೇ ದಿಕ್ಕಿನಲ್ಲಿ ಮೊದಲು ನಿಧಾನವಾಗಿ, ಬಳಿಕ ವೇಗವಾಗಿ ಹೋದಾಗ ಬಂಡೆ ಜಾಗ ಬದಲಿಸಿದರೆ ಗಡಿಯಾರಗಳು ಹೊಂದಿಕೊಂಡಿಲ್ಲ. ದೋಣಿ ತಿರುಗಿದ ಕೂಡಲೇ ಏರಿಳಿತದ ಉಪಕರಣ ದಾರಿ ತಪ್ಪುವುದೂ ಉಂಟು. ಕೆಲವು ನಿಮಿಷ ನೇರ ಓಡಿಸಿದ ಮೇಲೆಯೇ ಅಳತೆ ಆರಂಭಿಸಬೇಕು.

ಸಮುದ್ರದ ಭರತ ಇಳಿತ ಜಲಾಶಯದಲ್ಲಿಲ್ಲ, ನಿಜ. ಆದರೆ ಗೇಟು ತೆರೆದರೆ ಮಟ್ಟ ಇಳಿಯುತ್ತದೆ. ಬೆಳಿಗ್ಗೆಯ ಮಟ್ಟವನ್ನೇ ಸಂಜೆಗೂ ಹಿಡಿದರೆ ತಪ್ಪು ಯಂತ್ರದ್ದಲ್ಲ, ನಮ್ಮದು.

ಒಂದೆರಡು ಗೇಣಿನ ತಪ್ಪಿಗೆ ಇಷ್ಟೆಲ್ಲ ಏಕೆ ಎನ್ನುವವರು ತುಂಗಭದ್ರೆಯನ್ನು ನೋಡಬೇಕು. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯ 2008ರ ಅಳತೆಯಲ್ಲಿ 100.855 ಟಿ.ಎಂ.ಸಿ.ಗೆ ಇಳಿದಿತ್ತು. 2016ರ ಅಳತೆ 105.788 ಎಂದಿತು. ಮಧ್ಯೆ ಅಷ್ಟೊಂದು ಹೂಳನ್ನು ಯಾರೂ ಎತ್ತಿರಲಿಲ್ಲ. 378 ಚದರ ಕಿಲೋಮೀಟರ್ ಹರವಿಗೆ ಹಂಚಿದರೆ ಈ ವ್ಯತ್ಯಾಸ ಸರಾಸರಿ 37 ಸೆಂಟಿಮೀಟರ್ ಅಷ್ಟೇ. ಇವೆರಡರಲ್ಲಿ ಯಾವುದು ಸರಿಯೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಗೇಣಿನ ಲೆಕ್ಕದಲ್ಲಿ ಐದು ಟಿ.ಎಂ.ಸಿ. ನೀರು, ಅದರೊಂದಿಗೆ ಎಷ್ಟೋ ಎಕರೆ ಗದ್ದೆಯ ಪಾಲು ಅಡಗಿದೆ ಎಂಬುದು ಸ್ಪಷ್ಟ.

ಕೃಷ್ಣಗಿರಿಯ ರೈತನಾಗಲಿ ನಮ್ಮ ಕರಾವಳಿಯ ಮೀನುಗಾರನಾಗಲಿ ನೀರಿನಡಿಗೆ ಇಣುಕಿ ನೋಡಲಾರ. ಆತ ನಂಬುವುದು ಅಳೆದವರ ಅಂಕಿಯನ್ನು. ಮುಂದಿನ ಸಲ ಹೂಳಿನ ವರದಿ ಕೈಗೆ ಬಂದಾಗ ತಳ ಎಷ್ಟು ಏರಿತೆಂದು ಕೇಳುವ ಮೊದಲು, ತಟ್ಟೆ ಇಳಿಸಿ ನೋಡಿದ್ದೀರಾ, ಒಂದೇ ಗೆರೆಯಲ್ಲಿ ಹೋಗಿ ಬಂದಿದ್ದೀರಾ ಎಂದು ನಾವು ಕೇಳಬೇಕು. ಹಾಗೆ ಕೇಳಲು ಎಂಜಿನಿಯರೇ ಆಗಬೇಕೆಂದಿಲ್ಲ.