ಅಡಿಕೆಯ ಒಗರು, ಮೆಣಸಿನ ಘಾಟು, ರೋನ್ ಕಣಿವೆಯ ಕೆಂಪು

ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆ ಓಡಾಡಿದವರಿಗೆ ಚೊಗರಿನ ಪರಿಚಯ ಮಾಡಿಸಬೇಕಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಆ ಕಡುಗೆಂಪು ನೀರು ಕೈಗೆ ತಾಕಿದರೆ ಕಲೆ ಬೇಗ ಬಿಡದು. ನಾಲಿಗೆಗೆ ತಾಕಿದರೆ ಬಾಯೆಲ್ಲ ಬಿಗಿದುಕೊಳ್ಳುತ್ತದೆ. ಆ ಬಿಗಿತಕ್ಕೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವುದೂ ಇದೇ ಬಳಗದ್ದು. ಫ್ರಾನ್ಸಿನ ಕೆಂಪು ವೈನನ್ನು ಮೊದಲ ಸಲ ಕುಡಿದು 'ಇದೇನ್ರೀ, ಬರೀ ಒಗರು' ಎಂದು ಮುಖ ಕಿವುಚುವವರು ಆ ಕಡೆಯ ಸೂಳೆಕೆರೆ ಸೀಮೆಯವರಾದರೆ ಸ್ವಲ್ಪ ತಾಳಬೇಕು. ಎಲೆ ಅಡಿಕೆ ಮೆಲ್ಲುವ ಬಾಯಿಗೆ ಈ ರುಚಿ ಹೊಸದೇನಲ್ಲ.

ನಮ್ಮಲ್ಲಿ ವೈನ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೇಯ. ಊಟದ ಜೊತೆ ಕುಡಿಯುವ ಫ್ರೆಂಚ್ ಕೆಂಪು ವೈನಿನಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗಿರುತ್ತದೆ. ಅದರಲ್ಲೂ ಫ್ರಾನ್ಸಿನ ರೋನ್ ನದಿ ಕಣಿವೆಯ ದಕ್ಷಿಣ ಭಾಗದವರು ಒಂದೇ ದ್ರಾಕ್ಷಿಯನ್ನು ನೆಚ್ಚಿ ಕೂತವರಲ್ಲ. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ಮೂರು ತಳಿಗಳ ಮಿಶ್ರಣ ಅಲ್ಲಿನ ರೂಢಿ. ಗ್ರೆನಾಶ್ ಬಿಸಿಲುಂಡು ಮಾಗಿ ಹಣ್ಣಿನ ಸೊಗಡನ್ನೂ ಮದ್ಯಸಾರದ ಬಿಸುಪನ್ನೂ ಕೊಡುತ್ತದೆ, ಆದರೆ ಬಣ್ಣ ತೆಳು. ಬಣ್ಣಕ್ಕೂ ಘಾಟಿಗೂ ಸಿರಾ ಬೇಕು. ಮೂರ್ವೆದ್ರ್ ತಡವಾಗಿ ಮಾಗುವ ಗಟ್ಟಿ ಪಿಂಡ. ಒಗರಿನ ಬಲ ಹೆಚ್ಚಾಗಿ ಅದರದ್ದು. ಒಂದು ತಳಿ ಒಂದು ವರ್ಷ ಕೈಕೊಟ್ಟರೆ ಇನ್ನೊಂದು ಆತುಕೊಳ್ಳುತ್ತದೆ ಎನ್ನುವ ರೈತರ ಲೆಕ್ಕಾಚಾರವೂ ಇದರ ಹಿಂದಿದೆ. 14ನೇ ಶತಮಾನದಲ್ಲಿ ಪೋಪರು ಅವಿನ್ಯೋಂನಲ್ಲಿ ನೆಲೆಸಿದ್ದ ಕಾಲದ ನೆನಪನ್ನು ಹೆಸರಿನಲ್ಲಿ ಇಂದಿಗೂ ಹೊತ್ತಿರುವ ಶಾತೋನಫ್ ದು ಪಾಪ್ ವೈನಿಗಂತೂ 13 ತಳಿಗಳವರೆಗೆ ಬೆರೆಸಬಹುದು.

ಸಿರಾದ ಘಾಟಿನ ಗುಟ್ಟು ಹೊರಬಿದ್ದದ್ದು ಇತ್ತೀಚೆಗೆ. ಅದರ ಕಾಳುಮೆಣಸಿನ ವಾಸನೆ ಬರೀ ಕುಡಿಯುವವರ ಕಲ್ಪನೆಯಲ್ಲ, ರೊಟಂಡೋನ್ ಎಂಬ ರಾಸಾಯನಿಕದ್ದು ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟ ಇಟ್ಟುಕೊಂಡವರಿಗೆ ರೋನ್ ಕಣಿವೆಯ ಒಗರೂ ಘಾಟೂ ಒಂದೇ ಮರದಲ್ಲಿ ಸಿಕ್ಕಂತಾಯಿತು.

ಇನ್ನು ಊಟದ ಮಾತು. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ ಬಾಯಿ ಒಣಗಿದಂತಾಗುವುದು. ಬಾಯಲ್ಲಿ ಮಾಂಸ, ಕೊಬ್ಬು ಇದ್ದರೆ ಅದು ಅವುಗಳ ಕಡೆ ಹೊರಳುತ್ತದೆ, ಒಗರು ತಗ್ಗುತ್ತದೆ. ರೋನ್ ಕಣಿವೆಯವರು ಕುರಿಮಾಂಸದ ಜೊತೆ ಈ ವೈನ್ ಕುಡಿಯುವುದು ಸುಮ್ಮನೆ ಅಲ್ಲ. ನಮ್ಮಲ್ಲಿ ಜಗಳೂರಿನ ಬಯಲಿನಲ್ಲಿ ಮೇದ ಕುರಿ ಇದಕ್ಕೆ ಸರಿಜೋಡಿ. ಆದರೆ ಬ್ಯಾಡಗಿ, ಗುಂಟೂರು ಸುರಿದ ಕೆಂಪು ಸಾರು ಬೇಡ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನಷ್ಟು ಕೆರಳಿಸುತ್ತದೆ. ವೈನೂ ಕೆಟ್ಟಿತು, ಸಾರೂ ಕೆಟ್ಟಿತು. ಕಾಳುಮೆಣಸು ಹಾಕಿ ಹುರಿದ ಮಟನ್, ಹದವಾದ ಖಾರದ ಕೈಮಾ ಉಂಡೆ ಇದ್ದರೆ ಚೆನ್ನ. ಸಸ್ಯಾಹಾರಿಗಳಿಗೆ ಜೋಳದ ರೊಟ್ಟಿಯೊಂದಿಗೆ ಶೇಂಗಾ, ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ ನನ್ನ ಮೊದಲ ಆಯ್ಕೆ. ಎಣ್ಣೆಯ ಜಿಡ್ಡು ಒಗರನ್ನು ಮೆದುಮಾಡುತ್ತದೆ. ಹೋಳಿಗೆಯ ಹತ್ತಿರ ಮಾತ್ರ ಸುಳಿಯಬೇಡಿ, ಸಿಹಿಯ ಮೇಲೆ ಈ ವೈನ್ ಹುಳಿ ಹುಳಿಯಾಗುತ್ತದೆ. ಮಂಡಕ್ಕಿ ಮಿರ್ಚಿಗೆ ಚಹಾವೇ ಸರಿ, ಅದರಲ್ಲಿ ಚರ್ಚೆಯಿಲ್ಲ.

ಶಾಂತವ್ವ ಕಟ್ಟಿಸಿದಳೆಂಬ ಐತಿಹ್ಯದ ಸೂಳೆಕೆರೆ ನೀರಾವರಿಗೆ ಎಷ್ಟು ಹೆಸರಾಗಿದೆಯೋ ಮೀನಿಗೂ ಅಷ್ಟೇ. ಅಲ್ಲಿಗೆ ಹೋದವರಿಗೆ ಮೀನು ಬಿಟ್ಟು ಬೇರೆ ಊಟ ನೆನಪಾಗುವುದು ಕಷ್ಟ. ಆದರೆ ಕೆಂಪು ವೈನಿಗೂ ಮೀನಿಗೂ ಹಳೆಯ ಜಗಳ. ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಬಾಯಲ್ಲಿ ಹಸಿ ಮೀನಿನ ನಾತ ಹೆಚ್ಚುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಹುಣಸೆ ಹಾಕಿದ ಮೀನು ಸಾರಿನ ಜೊತೆಯಂತೂ ಇದನ್ನು ಊಹಿಸಿಕೊಳ್ಳುವುದೂ ಬೇಡ.

ಫ್ರಾನ್ಸಿನ ಬಾಟಲಿಗೆ ಅಷ್ಟು ಹಣ ತೆರಲು ಮನಸ್ಸಿಲ್ಲದವರಿಗೆ ನಮ್ಮಲ್ಲೇ ದಾರಿಯಿದೆ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಆಸುಪಾಸಿನಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟ ಗ್ರೋವರ್ ಕಂಪನಿ 1990ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊದ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೋಲಾಂ ಅವರ ನೆರವು ಪಡೆಯಿತು. ಅದರ 'ಲಾ ರಿಸರ್ವ್' ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಮಿಶ್ರಣ. ಶಿರಾಜ್ ಅಂದರೆ ಸಿರಾವೇ. ಹೀಗೆ ಬೋರ್ಡೊದ ಕ್ಯಾಬರ್ನೆಗೆ ರೋನ್ ತಳಿ ಬೆರೆಸುವುದು ಇಂದು ಫ್ರಾನ್ಸಿನಲ್ಲಿ ಬೋರ್ಡೊ ಹೆಸರಿನ ವೈನಿಗೆ ನಿಷಿದ್ಧ. 19ನೇ ಶತಮಾನದಲ್ಲಿ ಮಾತ್ರ ತೆಳ್ಳಗಿನ ಬೋರ್ಡೊಗೆ ಕಸುವು ತುಂಬಲು ವ್ಯಾಪಾರಿಗಳು ಧಾರಾಳವಾಗಿ ಅದನ್ನೇ ಮಾಡುತ್ತಿದ್ದರು. 'ಲಾ ರಿಸರ್ವ್' ರೋನ್ ಮಿಶ್ರಣಕ್ಕಿಂತ ಹೆಚ್ಚು ಒಗರು, ಹಾಗಾಗಿ ತಟ್ಟೆಯಲ್ಲಿ ಮಾಂಸವಿದ್ದರೇ ಒಳ್ಳೆಯದು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತನ್ನು ದಾವಣಗೆರೆಯ ಏಪ್ರಿಲ್‌ನಲ್ಲಿ ಪಾಲಿಸಬೇಡಿ. ಅವರ ಕೋಣೆ 16–18 ಡಿಗ್ರಿ, ನಮ್ಮದು ಅದರ ಎರಡರಷ್ಟು. ಬಾಟಲಿಯನ್ನು ಅಷ್ಟು ತಂಪಾಗುವವರೆಗೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಜೊತೆಗೆ ಮೆಣಸಿನ ಮಟನ್ ಇರಲಿ. ಸೂಳೆಕೆರೆ ಮೀನು ಹುರಿದ ದಿನ ಬಿಳಿ ವೈನ್ ತೆರೆಯಿರಿ. ಕುಡಿಯದವರಿಗೆ ನಿಂಬೆಹಣ್ಣಿನ ಶರಬತ್ತು ಅದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ.