ರಿಪೋರ್ಟಿಗೆ ಹೆದರಿ ಮಗುವಿನ ತಟ್ಟೆ ಖಾಲಿ ಮಾಡಬೇಡಿ

ಚೆನ್ನೈನ ತಿರುವಲ್ಲಿಕೇಣಿಯಲ್ಲಿರುವ ಪರಿಚಯದವರ ಮನೆಗೆ ಹೋಗಿದ್ದೆ. ಎರಡು ವರ್ಷದ ಮಗುವಿಗೆ ಬರೀ ಗಂಜಿ ಕುಡಿಸುತ್ತಿದ್ದರು. "ಮೈಮೇಲೆ ದದ್ದು ಬಂತು ಅಂತ ರಕ್ತ ಪರೀಕ್ಷೆ ಮಾಡಿಸಿದ್ವಿ. ಹಾಲು, ಮೊಟ್ಟೆ, ಮೀನು, ಗೋಧಿ ಎಲ್ಲಾ ಪಾಸಿಟಿವ್. ಎಲ್ಲಾ ನಿಲ್ಲಿಸಿಬಿಟ್ವಿ" ಎಂದರು ತಾಯಿ. ಇವನ್ನು ತಿಂದಾಗ ಏನಾದರೂ ಆಗಿತ್ತಾ ಎಂದು ಕೇಳಿದೆ. "ಮೊಟ್ಟೆ ತಿಂದಾಗ ಮಾತ್ರ" ಎಂದರು. ಮಗುವಿನ ತೂಕ ತಿಂಗಳುಗಳಿಂದ ಏರಿರಲಿಲ್ಲ.

ಆಹಾರದಲ್ಲಿರುವ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಪ್ಪು ತಿಳಿಯುವುದೇ ಅಲರ್ಜಿ. ರಕ್ತ ಪರೀಕ್ಷೆ ತೋರಿಸುವುದು ಅದರ ವಿರುದ್ಧ ಹುಟ್ಟಿದ ಐಜಿಇ ಎಂಬ ಪ್ರತಿಕಾಯವನ್ನು ಮಾತ್ರ. ಅದು ಇದ್ದರೂ ಆಹಾರ ಒಗ್ಗಬಹುದು. ಕರ್ನಾಟಕದಲ್ಲಿ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 26.5 ಜನರಿಗೆ ಪರೀಕ್ಷೆ ಪಾಸಿಟಿವ್ ಬಂದಿತ್ತು. ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ! ಆದ್ದರಿಂದ ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ದದ್ದು, ತುಟಿ ಊತ, ವಾಂತಿ ಕಾಣಿಸುತ್ತವೆ. ಹಸುವಿನ ಹಾಲು ಒಗ್ಗದಿದ್ದರೆ ಮೇಕೆ ಹಾಲು ಕೊಡುವುದೂ ಪರಿಹಾರವಲ್ಲ. ಎರಡರ ಪ್ರೋಟೀನುಗಳೂ ಹೆಚ್ಚುಕಡಿಮೆ ಒಂದೇ.

ಇನ್ನೊಂದು ತಪ್ಪು ನಂಬಿಕೆ: ಮೊಟ್ಟೆ, ಕಡಲೆಕಾಯಿ ತಡವಾಗಿ ಕೊಟ್ಟರೆ ಅಲರ್ಜಿ ಬರಲ್ಲ ಅನ್ನೋದು. 2015ರಲ್ಲಿ ಲಂಡನ್ನಿನ ಅಧ್ಯಯನವೊಂದು ಇದನ್ನು ತಲೆಕೆಳಗು ಮಾಡಿತು. ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ, ಮೊದಲ ವರ್ಷದಿಂದಲೇ ಕಡಲೆಕಾಯಿ ತಿಂದವರಿಗೆ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಆರು ತಿಂಗಳ ನಂತರ ತಾಯಿಹಾಲಿನ ಜೊತೆಗೆ ಒಂದೊಂದಾಗಿ ಕೊಟ್ಟು ನೋಡಿ. ಕಡಲೆಕಾಯಿಯನ್ನು ನುಣ್ಣಗೆ ಅರೆದೇ ಕೊಡಿ, ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತೀವ್ರ ಎಕ್ಸಿಮಾ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಹಾಗಂತ ನಿಜವಾದ ಅಲರ್ಜಿಯನ್ನು ಹಗುರವಾಗಿ ಕಾಣಬಾರದು. ಉಸಿರು ಕಟ್ಟಿದರೆ, ಧ್ವನಿ ಬದಲಾದರೆ, ಮಗು ಸೊರಗಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು. ಈದ್ ದಿನ ಶೀರ್ ಖುರ್ಮಾದ ಗೋಡಂಬಿ, ಮದುವೆ ಊಟದ ಮೊಟ್ಟೆ ಯಾರದೋ ಪ್ರೀತಿಯ ಕೈತುತ್ತಿನಲ್ಲಿ ಮಗುವಿನ ಬಾಯಿ ಸೇರಬಹುದು. ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಆ ತಾಯಿ ಆಮೇಲೆ ಮಕ್ಕಳ ಅಲರ್ಜಿ ತಜ್ಞರನ್ನು ಕಂಡರು. ಆಸ್ಪತ್ರೆಯಲ್ಲೇ, ವೈದ್ಯರ ಕಣ್ಣೆದುರು, ಒಂದೊಂದೇ ಆಹಾರ ಕೊಟ್ಟು ನೋಡಿದರು. ಈಗ ಮಗುವಿನ ತಟ್ಟೆಯಲ್ಲಿ ಮೊಟ್ಟೆ ಒಂದೇ ಇಲ್ಲ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಆ ಅಮಾನತನ್ನು ಭಯದಿಂದ ಕಾಯಲಾಗದು, ತಿಳಿದು ಕಾಯಬೇಕು.